ಸನ್ನದು ಒಬ್ಬರದು, ಪರವಾನಗಿ ಇನ್ನೊಬ್ಬರದು: ಬೆಂಗಳೂರಿನ ಬಾರ್ ನಿಯಮಗಳು ಗೋಜಲಾದ ಬಗೆ

ಬೆಂಗಳೂರಿನಲ್ಲಿ ಒಂದು ಬಾರ್ ತೆರೆದು, ಶನಿವಾರ ಸಂಜೆ ಅಲ್ಲಿ ಗಿಟಾರ್ ನುಡಿಸುವವರೊಬ್ಬರನ್ನು ಕೂರಿಸಬೇಕೆಂದರೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು? ಮದ್ಯ ಮಾರಲು ಅಬಕಾರಿ ಇಲಾಖೆಯ ಸನ್ನದು ಬೇಕು. ಊಟ ಬಡಿಸಲು ಪಾಲಿಕೆಯ ಉದ್ದಿಮೆ ಪರವಾನಗಿ, ಸಂಗೀತಕ್ಕೆ ಪೊಲೀಸರ ಪರವಾನಗಿ. ಇವುಗಳ ಬೆನ್ನಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಟ್ಟಡದ ಸ್ವಾಧೀನಾನುಭವ ಪತ್ರ (ಮಂಜೂರಾದ ನಕ್ಷೆಯಂತೆಯೇ ಕಟ್ಟಲಾಗಿದೆ, ಬಳಸಬಹುದು ಎಂಬ ಪತ್ರ). ಇವೆಲ್ಲ ಒಂದೇ ಕಾಲದಲ್ಲಿ, ಒಂದೇ ಉದ್ದೇಶಕ್ಕೆ ಹುಟ್ಟಿದವುಗಳಲ್ಲ. ಹಾಗಾಗಿಯೇ ನಿಯಮ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ಒಬ್ಬರು ಆದಾಯದ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ನಿದ್ದೆಗೆಟ್ಟ ರಾತ್ರಿಗಳ ಕಥೆ ಹೇಳುತ್ತಾರೆ, ಇಬ್ಬರ ಮಾತೂ ಕೂಡುವುದಿಲ್ಲ.

ಮೂಲದಲ್ಲೇ ಎಳೆದಾಟವಿದೆ. ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಸಾಗುವಂತೆ ಸರ್ಕಾರಗಳಿಗೆ ಹೇಳುತ್ತದೆ. ಏಳನೇ ಅನುಸೂಚಿಯ ರಾಜ್ಯ ಪಟ್ಟಿ ಮದ್ಯದ ನಿಯಂತ್ರಣವನ್ನೂ ಅದರ ಸುಂಕವನ್ನೂ ರಾಜ್ಯಗಳ ಕೈಗೇ ಕೊಡುತ್ತದೆ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು, ಮೈಸೂರುಗಳ ಬೇರೆ ಬೇರೆ ಕಾನೂನುಗಳೂ ಜೊತೆಗೆ ಬಂದವು. ಅವನ್ನು ಒಂದುಗೂಡಿಸಿದ್ದು 1965ರ ಅಬಕಾರಿ ಕಾಯ್ದೆ. ಮದ್ಯ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟ್ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2003ರಲ್ಲಿ ಸಗಟು ವ್ಯಾಪಾರ ಸರ್ಕಾರಿ ನಿಗಮದ ಪಾಲಾಯಿತು, 2007ರಲ್ಲಿ ಸಾರಾಯಿ ನಿಷೇಧವಾಯಿತು.

ಇಂದಿಗೂ ಬಾರ್‌ಗಳ ಹಣೆಬರಹ ಬರೆಯುತ್ತಿರುವುದು 1967 ಮತ್ತು 1968ರ ಎರಡು ನಿಯಮಾವಳಿಗಳು. 1968ರದು ಸನ್ನದುಗಳನ್ನು ವರ್ಗವಾಗಿ ಹಂಚಿತು: ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್‌ಗೆ ಸಿಎಲ್-4, ವಸತಿಗೃಹವಿರುವ ಹೋಟೆಲ್‌ಗೆ ಸಿಎಲ್-7, ಬಾರ್‌ಗೆ ಸಿಎಲ್-9. 1967ರದು ಜಾಗದ ಷರತ್ತುಗಳನ್ನು ಹೇಳಿತು. ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕು. ಈ ದೂರವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುವಂತಿಲ್ಲ. ಮದ್ಯದಂಗಡಿಯ ಬಾಗಿಲಿನ ನಡುಮಧ್ಯದಿಂದ ಶಾಲೆಯ ಗೇಟಿನ ನಡುಮಧ್ಯದವರೆಗೆ, ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ಬಾಗಿಲನ್ನು ಪಕ್ಕದ ಅಡ್ಡರಸ್ತೆಗೆ ತಿರುಗಿಸಿದರೆ ದೂರವೂ ಬದಲಾಗುತ್ತದೆ. ಆದರೆ ಒಳಗೆ ಎಷ್ಟು ಜನ ಸೇರುತ್ತಾರೆ, ಎಷ್ಟು ಹೊತ್ತಿನವರೆಗೆ ಏನು ನಡೆಯುತ್ತದೆ ಎಂಬುದು ಈ ಅಳತೆಗೆ ಸಿಗುವುದಿಲ್ಲ. ಪಕ್ಕದ ಮನೆಯವರಿಗೆ ಮುಖ್ಯವಾಗುವುದು ಅದೇ.

1990ರ ದಶಕದ ಆರಂಭದಿಂದ ಹೊಸ ಸಿಎಲ್-2, ಸಿಎಲ್-9 ಸನ್ನದು ನೀಡುವುದು ನಿಂತಿತು. ಮದ್ಯದಂಗಡಿಗಳು ಹೆಚ್ಚಬಾರದೆಂಬ ಉದ್ದೇಶ ಒಳ್ಳೆಯದೇ. ಅಷ್ಟರಲ್ಲಿ ನಗರ ಬೆಳೆಯಿತು, ಪಬ್‌ಗಳ ಊರೆಂಬ ಹೆಸರೂ ಬಂತು. ಹಳೆಯ ಸನ್ನದುಗಳಿಗೆ ಚಿನ್ನದ ಬೆಲೆ ಬಂತು, ಕೈಯಿಂದ ಕೈಗೆ ದಾಟಿದವು. ಇನ್ನು ಕೆಲವರು ಸಿಎಲ್-7ರ ದಾರಿ ಹಿಡಿದರು. ಅದಕ್ಕೆ ನಿಗದಿತ ಸಂಖ್ಯೆಯ ಕೋಣೆಗಳಿರಬೇಕು; ಹೀಗೆ ಬಾರ್ ಬೇಕಾದವರು ಲಾಡ್ಜ್ ಕಟ್ಟುವಂತಾಯಿತು.

ಈ ಇಡೀ ಕಥೆಯಲ್ಲಿ ಹೆಚ್ಚು ಗಮನಿಸಬೇಕಾದ ಘಟ್ಟ 2005ರಿಂದ 2018ರವರೆಗಿನದು, ಏಕೆಂದರೆ ಮದ್ಯದ ಪ್ರಶ್ನೆಗೆ ಸಂಗೀತದ ಪ್ರಶ್ನೆ ಬಿಡಿಸಲಾಗದಂತೆ ಹೆಣೆದುಕೊಂಡದ್ದು ಆಗ. 2005ರಲ್ಲಿ ನಗರ ಪೊಲೀಸ್ ಕಮಿಷನರ್, ಕರ್ನಾಟಕ ಪೊಲೀಸ್ ಕಾಯ್ದೆಯಡಿ, ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣಕ್ಕೆ ಆದೇಶ ಹೊರಡಿಸಿದರು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ಎಲ್ಲಕ್ಕೂ ಪ್ರತ್ಯೇಕ ಪರವಾನಗಿ ಕಡ್ಡಾಯವಾಯಿತು. ಆಗ ಲೈವ್ ಬ್ಯಾಂಡ್ ಎಂದರೆ ಜನರ ಕಣ್ಣ ಮುಂದೆ ಬರುತ್ತಿದ್ದುದು ಮಹಿಳೆಯರನ್ನು ದುಡಿಸಿಕೊಳ್ಳುತ್ತಿದ್ದ ಬಾರ್‌ಗಳ ಚಿತ್ರ. ಆ ಆತಂಕ ನಿಜವಾದದ್ದೇ. ಆದರೆ ಆದೇಶದ ಬಲೆಯೊಳಗೆ ಜಾಝ್ ನುಡಿಸುವವರೂ, ಕನ್ನಡ ಭಾವಗೀತೆ ಹಾಡುವವರೂ ಬಂದರು.

ಲೈವ್ ಬ್ಯಾಂಡ್ ರೆಸ್ಟೋರೆಂಟ್‌ಗಳ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿದ ವ್ಯಾಜ್ಯ ಮುಗಿಯುವ ಹೊತ್ತಿಗೆ ಹದಿಮೂರು ವರ್ಷಗಳಾಗಿದ್ದವು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್, ಪೊಲೀಸ್ ಕಮಿಷನರ್ ಅವರ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ನೋಟಿಸ್ ನೀಡತೊಡಗಿದಾಗ ಹಲವು ಪಬ್‌ಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಪರವಾನಗಿಗೆ ಅರ್ಜಿ ಹಾಕಿದವರನ್ನು ಕಟ್ಟಿಹಾಕಿದ್ದು ಸ್ವಾಧೀನಾನುಭವ ಪತ್ರ. ನಕ್ಷೆಯನ್ನು ಮೀರಿ ಕಟ್ಟಿದ ಕಟ್ಟಡಗಳು ಈ ನಗರದಲ್ಲಿ ಬೇಕಾದಷ್ಟಿವೆ. ಅಂಥವನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ನೀಡಿತ್ತು. ಕಟ್ಟಡ ಕಟ್ಟಿದವರೊಬ್ಬರು, ಬಾಡಿಗೆಗೆ ಪಡೆದವರು ಇನ್ನೊಬ್ಬರು. ವಾರಾಂತ್ಯದ ಸಂಭಾವನೆ ಕಳೆದುಕೊಂಡದ್ದು ಮಾತ್ರ ಕೀಬೋರ್ಡ್ ಹೊತ್ತು ಬರುತ್ತಿದ್ದ ಕಲಾವಿದರು.

ಆದರೂ ಆ ಪತ್ರ ಬೇಡವೆನ್ನಲು ಸಾಧ್ಯವಿಲ್ಲ. 2018ರ ಜನವರಿಯಲ್ಲೇ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರ್‌ಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಬಾಗಿಲು ಮುಚ್ಚಿದ ಮೇಲೂ ಆ ಜಾಗ ಅವರಿಗೆ ಮನೆಯಾಗಿತ್ತು. ಬಾರ್ ನಿಯಮಗಳ ಚರ್ಚೆಯಲ್ಲಿ ಗ್ರಾಹಕರು, ಮಾಲೀಕರು, ನೆರೆಹೊರೆಯವರು ಬರುತ್ತಾರೆ; ಮೇಜು ಒರೆಸುವವರ ಪ್ರಸ್ತಾಪ ಬರುವುದು ಇಂಥ ಬೆಳಗಿನಲ್ಲಿ ಮಾತ್ರ.

ಇದರ ನಡುವೆ ಹೆದ್ದಾರಿ ತೀರ್ಪು ಬಂದು ಹೋಯಿತು. ಕುಡಿದು ವಾಹನ ಓಡಿಸುವವರಿಂದಾಗುವ ಸಾವುಗಳನ್ನು ತಡೆಯಲು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ನಮ್ಮ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ, ಹಾಗಾಗಿ ಆದೇಶದ ಬಿಸಿ ಇಲ್ಲಿ ತಟ್ಟಿದ್ದು ಆಮೇಲೆ. 2017ರ ಜುಲೈನಲ್ಲಿ ಎಂ.ಜಿ. ರಸ್ತೆಯ ಬಾರ್‌ಗಳೂ ಬಾಗಿಲು ಹಾಕಿದವು, ಏಕೆಂದರೆ ದಾಖಲೆಯಲ್ಲಿ ಅದು ಹೆದ್ದಾರಿಗೆ ಸೇರಿತ್ತು. ನಗರದೊಳಗಿನ ರಸ್ತೆಗಳನ್ನು ಹೆದ್ದಾರಿ ಪಟ್ಟಿಯಿಂದ ಕೈಬಿಟ್ಟ ಮೇಲೆ ಅವು ಮತ್ತೆ ತೆರೆದವು.

ಸಮಯದ ವಿಚಾರ ಇಷ್ಟು ತಿರುವು ಕಂಡಿಲ್ಲ. ರಾತ್ರಿ 11.30ರ ಗಡುವು 2014ರಲ್ಲಿ ವಾರಾಂತ್ಯಕ್ಕೆ ನಡುರಾತ್ರಿ ಕಳೆದು ಒಂದು ಗಂಟೆಯವರೆಗೆ ಸಡಿಲವಾಯಿತು, ಆಮೇಲೆ ಉಳಿದ ದಿನಗಳಿಗೂ ವಿಸ್ತರಿಸಿತು; 2024ರ ಆದೇಶವೂ ಒಂದು ಗಂಟೆಯನ್ನೇ ಹೇಳಿತು. ಶಬ್ದದ ನಿಯಮ ಮಾತ್ರ ಬೇರೆಯೇ ಗಡಿಯಾರ ನೋಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಶುರುವಾಗುವುದು ಹತ್ತಕ್ಕೆ. ಆಮೇಲೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬಲ್ ಮಿತಿ. ಧ್ವನಿವರ್ಧಕಕ್ಕೆ ಮುಚ್ಚಿದ ಸಭಾಂಗಣದಂಥ ಜಾಗದಲ್ಲಿ ಮಾತ್ರ ಅವಕಾಶ. ತಾರಸಿಯ ಮೇಲಿನ ಪಬ್ ಅಂಥ ಜಾಗವಲ್ಲ. ಹತ್ತರಿಂದ ಒಂದರ ನಡುವಿನ ಆ ಮೂರು ಗಂಟೆಗಳಲ್ಲಿ ಒಂದು ಇಲಾಖೆಯ ಅನುಮತಿ ಇನ್ನೊಂದು ನಿಯಮದ ಉಲ್ಲಂಘನೆಗೆ ಆಸ್ಪದ ಕೊಡುತ್ತದೆ. ಇಂದಿರಾನಗರದ ನಿವಾಸಿಗಳ ದೂರುಗಳಲ್ಲಿ ಹಲವು ಇಂಥ ರಾತ್ರಿಯ ಸದ್ದಿಗೆ ಸಂಬಂಧಿಸಿದವು, ಅವು ನ್ಯಾಯವಾದವು ಕೂಡ.

2025–26ರ ಬಜೆಟ್ ಹಂಚಿಕೆಯಾಗದೆ ಉಳಿದ ಸನ್ನದುಗಳನ್ನು ಇ-ಹರಾಜಿನ ಮೂಲಕ ನೀಡುವ ನಿರ್ಧಾರ ಪ್ರಕಟಿಸಿತು. ಪಾರದರ್ಶಕತೆಯ ದೃಷ್ಟಿಯಿಂದ ಇದು ಹಳೆಯ ಗುಟ್ಟಿನ ವ್ಯವಹಾರಕ್ಕಿಂತ ಮೇಲು. ಆದರೆ ಹೆಚ್ಚು ಹಣ ಕೂಗಿದವರು ಅದನ್ನು ದುಡಿದು ತೆಗೆಯಲೇಬೇಕು. ಮೆಲ್ಲನೆಯ ಸಂಗೀತದ, ನಾಲ್ಕೇ ಮೇಜುಗಳ ಜಾಗ ನಡೆಸಬಯಸುವವರು ಆ ಹರಾಜಿನಲ್ಲಿ ನಿಲ್ಲುವುದು ಕಷ್ಟ. ಹರಾಜು ಅಬಕಾರಿ ಸನ್ನದಿಗೆ ಮಾತ್ರ ಸಂಬಂಧಿಸಿದ್ದು. ಸನ್ನದು ಗೆದ್ದವರೂ ಸಂಗೀತಕ್ಕೆ ಪೊಲೀಸರ ಬಳಿಗೆ ಹೋಗಬೇಕು, ಆ ಪರವಾನಗಿಗೆ ಕಟ್ಟಡದ ಪತ್ರ ಹುಡುಕಬೇಕು. ಅದೇ ವರ್ಷ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಉದ್ದಿಮೆ ಪರವಾನಗಿ ಕೊಡುವ ಕೈಗಳು ಈಗ ಐದು, ಮನರಂಜನೆಗೆ ಅನುಮತಿ ನೀಡುವ ಪೊಲೀಸ್ ಕಮಿಷನರ್ ಮೊದಲಿನಂತೆ ಒಬ್ಬರೇ.