ಗುಂಯ್ ಸದ್ದಿಗೆ ಕೆಪಾಸಿಟರ್ ಮದ್ದಲ್ಲ

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಿಂದ ನೇರವಾಗಿ ನನ್ನ ರಿಪೇರಿ ಮೇಜಿಗೆ ಬರುವವರ ಬಳಿ ಎರಡು ಗಂಟುಗಳಿರುತ್ತವೆ. ಒಂದರಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಹಳೆಯ ಆಂಪ್ಲಿಫೈಯರ್, ಇನ್ನೊಂದರಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ಉಪ್ಪಿನಕಾಯಿ ಡಬ್ಬಿಯಷ್ಟು ದಪ್ಪನೆಯ ಎರಡು ಕೆಪಾಸಿಟರ್‌ಗಳು. “ಈಗಿರುವುದರ ಸಾಮರ್ಥ್ಯ 4,700 ಮೈಕ್ರೋಫ್ಯಾರಡ್, 22,000 ಮಾಡಿಕೊಡಿ. ಗುಂಯ್ ಸದ್ದು ಹೋಗಿ ಧ್ವನಿ ತುಂಬಿಕೊಂಡು ಬರುತ್ತದಂತೆ.” ಈ ‘ಅಂತೆ’ಯನ್ನು ಹುಟ್ಟಿಸಿದವನು ಸಿಕ್ಕಿದರೆ ಅವನನ್ನು ಕೂರಿಸಿ ಒಂದು ಚಹಾ ಕುಡಿಸಿ ಕೇಳಬೇಕಾದ ಪ್ರಶ್ನೆಗಳು ನನ್ನ ಬಳಿ ಬಹಳ ಇವೆ.

ಮುಂಬಯಿಯವರಿಗೆ ಇದನ್ನು ವಿವರಿಸುವುದು ಸುಲಭವಾಗಬೇಕಿತ್ತು. ಪಾಲಿಕೆಯ ನೀರು ದಿನವಿಡೀ ಬರುವುದಿಲ್ಲವೆಂದು ಸೊಸೈಟಿಯ ತಾರಸಿಯ ಮೇಲೆ ಟಾಂಕಿ ಇಟ್ಟಿರುತ್ತೇವೆ. ಆಂಪ್ಲಿಫೈಯರಿನ ಫಿಲ್ಟರ್ ಕೆಪಾಸಿಟರ್ ಆ ಟಾಂಕಿ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಸೆಕೆಂಡಿಗೆ 100 ಬಾರಿ, ಅದೂ ಅಲೆಯ ತುದಿ ಮುಟ್ಟಿದ ಕ್ಷಣದಲ್ಲಿ ಮಾತ್ರ, ‘ನೀರು’ ಬರುತ್ತದೆ. ಉಳಿದ ಹೊತ್ತು ಟಾಂಕಿಯೇ ಗತಿ. ಟಾಂಕಿಯನ್ನು ಐದು ಪಟ್ಟು ದೊಡ್ಡದು ಮಾಡಿದರೆ ಪಾಲಿಕೆ ಹೆಚ್ಚು ನೀರು ಬಿಡುತ್ತದೆಯೇ? ಟ್ರಾನ್ಸ್‌ಫಾರ್ಮರ್ ಅದೇ, ಕೊಳವೆ ಅದೇ.

“ಆದರೆ ಗುಂಯ್ ಎನ್ನಿಸುವ ವೋಲ್ಟೇಜಿನ ಏರಿಳಿತ ಕಡಿಮೆಯಾಗುತ್ತದಲ್ಲ?” ಎಂದು ಓದಿಕೊಂಡು ಬಂದವರು ಕೇಳುತ್ತಾರೆ. ಆಗುತ್ತದೆ, ಒಪ್ಪಿದೆ. ಒಂದು ಆಂಪಿಯರ್ ಎಳೆಯುವಾಗ 4,700ರಲ್ಲಿ ಸುಮಾರು ಎರಡು ವೋಲ್ಟ್ ಏರಿಳಿತವಿದ್ದರೆ 22,000ರಲ್ಲಿ ಅರ್ಧ ವೋಲ್ಟಿಗೂ ಕಡಿಮೆ. ಆದರೆ ಒಂದು ಆಂಪಿಯರ್ ಎಳೆಯುವುದು ಹಾಡು ಜೋರಾಗಿರುವಾಗ. ನಿಮಗೆ ಗುಂಯ್ ಕೇಳಿಸುವುದು ಯಾವಾಗ? ಹಾಡು ನಿಂತಾಗ. ಆಗ ಯಂತ್ರ ಎಳೆಯುವುದು ಅದರ ಹತ್ತನೇ ಒಂದಂಶವೂ ಇರಲಿಕ್ಕಿಲ್ಲ, ಏರಿಳಿತವೂ ಅಷ್ಟೇ ಇಳಿದಿರುತ್ತದೆ. ಉಳಿದದ್ದನ್ನು ಒಳಗಿನ ಸರ್ಕ್ಯೂಟೇ ಬಹುಪಾಲು ತಡೆಯುತ್ತದೆ. ಈ ಮಾತನ್ನು ನಾನು ವಾರಕ್ಕೆ ಮೂರು ಸಲ ಹೇಳುತ್ತೇನೆ. ಎಲ್ಲರೂ ತಲೆಯಾಡಿಸಿ, ಕೊನೆಗೆ “ಆದರೂ ಹಾಕಿಬಿಡಿ” ಎನ್ನುತ್ತಾರೆ.

ಹಾಕಿದರೆ ಏನಾಗುತ್ತದೆ? ಸ್ವಿಚ್ ಒತ್ತಿದ ಕ್ಷಣ ಬರಿದಾದ ಕೆಪಾಸಿಟರ್ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್ ಇದ್ದಂತೆ. ಅದು ದೊಡ್ಡದಾದಷ್ಟೂ ಆ ಹೊಡೆತ ಹೆಚ್ಚು ಹೊತ್ತು ಇರುತ್ತದೆ. ಆಮೇಲೂ ಅದು ಸಣ್ಣ ಸಮಯದಲ್ಲಿ ದೊಡ್ಡ ಗುಟುಕು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಒಂದೂವರೆ ಪಟ್ಟಿನಷ್ಟು ಹೆಚ್ಚಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಯಂತ್ರವನ್ನು ತೆರೆದು ನೋಡದೆ ಇದನ್ನೂ ಖಂಡಿತವಾಗಿ ಹೇಳಲಾರೆ.

ಡೊಂಬಿವಲಿಯ ಒಬ್ಬ ರಾಯರು, ಬ್ಯಾಂಕಿನಿಂದ ನಿವೃತ್ತರು, ಇದನ್ನೆಲ್ಲ ಮನೆಯಲ್ಲೇ ಮಾಡಿದ್ದರು. ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯೂಸ್ ಹೋಯಿತು. ಅದಕ್ಕೆ ದಪ್ಪ ಫ್ಯೂಸ್ ಹಾಕಿದರು. ಆಗ ರೆಕ್ಟಿಫೈಯರ್ ಹೋಯಿತು. ಪುಣ್ಯಕ್ಕೆ ಟ್ರಾನ್ಸ್‌ಫಾರ್ಮರ್ ಉಳಿದಿತ್ತು. ಲೋಕಲ್ ರೈಲಿನಲ್ಲಿ ಹದಿನಾಲ್ಕು ಕಿಲೋ ಭಾರದ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವರನ್ನು ಬೈಯುವುದು ಹೇಗೆ? ಕಿತ್ತ ಹಳೆಯ ಕೆಪಾಸಿಟರ್‌ಗಳನ್ನು ಅವರು ಕವರಿನಲ್ಲಿ ಜೋಪಾನ ಮಾಡಿದ್ದರು. ಅಳೆದು ನೋಡಿದೆ: 4,300ರ ಆಸುಪಾಸು, ಸೋರಿಕೆಯಿಲ್ಲ, ಒಳಗಿನ ರೋಧವೂ ಸರಿ. ಅವನ್ನೇ ವಾಪಸು ಕೂರಿಸಿ, ಹೊಸ ರೆಕ್ಟಿಫೈಯರ್ ಹಾಕಿ, ಫ್ಯೂಸನ್ನು ಮೊದಲಿನ ಅಳತೆಗೆ ತಂದೆ. ಯಂತ್ರ ಸದ್ದಿಲ್ಲದೆ ಎದ್ದಿತು.

“ಮಾರಾಯರೇ, ಗುಂಯ್ ಎಲ್ಲಿತ್ತು?” ಎಂದು ಕೇಳಿದೆ.

“ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಹಾಕಿದಾಗ.”

“ರೇಡಿಯೊ ಹಾಕಿದಾಗ?”

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲ.”

ಅಲ್ಲಿಗೆ ಮುಗಿಯಿತು. ಫಿಲ್ಟರ್ ಕೆಪಾಸಿಟರ್ ಕೆಟ್ಟಿದ್ದರೆ ರೇಡಿಯೊ, ಟೇಪ್, ರೆಕಾರ್ಡ್ ಎಂಬ ಭೇದವಿಲ್ಲದೆ ಗುಂಯ್ ಎನ್ನಬೇಕು. ಬಹುತೇಕ ಯಂತ್ರಗಳಲ್ಲಿ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅದು ನಿಲ್ಲುವುದಿಲ್ಲ. ಒಂದೇ ಇನ್‌ಪುಟ್‌ನಲ್ಲಿ ಗುಂಯ್ ಎಂದರೆ ದೋಷ ಆ ದಾರಿಯಲ್ಲಿದೆ. ಈ ಪರೀಕ್ಷೆಗೆ ಮೀಟರ್ ಬೇಡ, ಮುಚ್ಚಳ ತೆಗೆಯುವುದೂ ಬೇಡ. ತೆಗೆಯಲೇಬೇಡಿ ಎನ್ನುತ್ತೇನೆ: ಪ್ಲಗ್ ಕಿತ್ತ ಮೇಲೂ ಆ ಡಬ್ಬಿಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡಲು ಕಲಿಯದವರು ಕೈ ಹಾಕಬಾರದು.

ರೆಕಾರ್ಡ್ ಪ್ಲೇಯರಿನಿಂದ ಕೇಬಲ್ ಜೊತೆಗೆ ಒಂದು ತೆಳ್ಳಗಿನ ಅರ್ಥಿಂಗ್ ತಂತಿ ಬರುತ್ತದೆ. ಅದು ಆಂಪ್ಲಿಫೈಯರಿನ ಹಿಂಬದಿಯ ಸ್ಕ್ರೂಗೆ ಬಿಗಿಯಾಗಿರಬೇಕು. ಮನೆಗೆ ಹೋಗಿ ನೋಡಿದ ರಾಯರು ರಾತ್ರಿಯೇ ಫೋನ್ ಮಾಡಿದರು. ದೀಪಾವಳಿಗೆ ಬಣ್ಣ ಹೊಡೆಸುವಾಗ ಕಪಾಟು ಸರಿಸಿದ್ದರಂತೆ. ತಂತಿ ಕಪಾಟಿನ ಹಿಂದೆ ನೇತಾಡುತ್ತಿತ್ತಂತೆ. ಈ ‘ಅಂತೆ’ಗಳ ಬಗ್ಗೆ ನನಗೆ ತಕರಾರಿಲ್ಲ.

ಸ್ಕ್ರೂ ಬಿಗಿದು ಮನ್ಸೂರರನ್ನು ಫೋನಿನಲ್ಲೇ ಕೇಳಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ರಾಯರು ದನಿ ತಗ್ಗಿಸಿ ಕೇಳಿದರು: “ಒಳಗಿನ ತಂತಿಗಳನ್ನೆಲ್ಲ ಬೆಳ್ಳಿಯದಕ್ಕೆ ಬದಲಿಸಿದರೆ ಹೇಗೆ?”