ಬಾಣಂತಿ ನಾಯಿಯ ಪೆಟ್ಟಿಗೆ: ಮಲೆನಾಡಿನ ಥಂಡಿಗೆ ತಕ್ಕಂತೆ

ಆಗಷ್ಟೇ ಹುಟ್ಟಿದ ನಾಯಿಮರಿಗೆ ನಡುಗಲು ಬರುವುದಿಲ್ಲ. ಮೊದಲ ಒಂದು ವಾರ ಅದು ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಚಿಕ್ಕಮಗಳೂರು ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಗಾರೆ ನೆಲ ಬೆವರುತ್ತದೆ, ಗೋಡೆಗೆ ಬೂಷ್ಟು ಕಟ್ಟುತ್ತದೆ, ತೊಳೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ನೆಲದ ಮೇಲೆ ಎರಡು ಗೋಣಿಚೀಲ ಹಾಸಿದರೆ ಮರಿಗಳು ಒಂದೊಂದಾಗಿ ತಣ್ಣಗಾಗುತ್ತವೆ. "ತಾಯಿ ಮೇಲೆ ಮಲಗಿ ಸಾಯಿಸಿಬಿಡ್ತು ಡಾಕ್ಟ್ರೇ" ಎಂದು ಮನೆಯವರು ಹೇಳುವಾಗ ಅದರ ಹಿಂದೆಯೂ ಎಷ್ಟೋ ಸಲ ಥಂಡಿಯೇ ಇರುತ್ತದೆ. ತಣ್ಣಗಾದ ಮರಿ ಮಂಕಾಗುತ್ತದೆ. ತಾಯಿ ಮಗ್ಗುಲು ಬದಲಿಸುವಾಗ ಸರಿದುಕೊಳ್ಳುವುದಿಲ್ಲ, ಕೂಗುವುದೂ ಇಲ್ಲ. ಹಾಗಾಗಿ ನಾಯಿ ಮರಿ ಹಾಕಿ ಹಾಲೂಡಿಸುವ ಪೆಟ್ಟಿಗೆ ಮಾಡಿಸುವಾಗ ಬಿಸಿ ಮತ್ತು ಜಾಗ, ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು.

ಅಳತೆಯನ್ನು ನಾಯಿಯಿಂದಲೇ ತೆಗೆಯಿರಿ. ಅದು ಮಗ್ಗುಲಾಗಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಹತ್ತಿರತ್ತಿರ ಒಂದಡಿ ಸೇರಿಸಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ 4 ಅಡಿಗೆ 4 ಅಡಿ ಸಾಕು. ಕಾಲುದ್ದದ ಮುಧೋಳ ನಾಯಿಗೆ 4ಕ್ಕೆ 5, ಗ್ರೇಟ್ ಡೇನ್‌ಗೆ 5ಕ್ಕೆ 6 ಬೇಕಾಗುತ್ತದೆ. ಜಾಗವಿದೆಯೆಂದು ಇನ್ನೂ ದೊಡ್ಡದು ಮಾಡಿಸಬೇಡಿ. ಕಣ್ಣು ಬಿಡದ ಮರಿ ಮೂಲೆಗೆ ತೆವಳಿಕೊಂಡು ಹೋದರೆ ದಾರಿ ಸಿಗದೆ ಅಲ್ಲೇ ತಣ್ಣಗಾಗುತ್ತದೆ.

ಪ್ಲೈವುಡ್ ಕೊಳ್ಳುವಾಗ 'ಐಎಸ್ 710' ಮುದ್ರೆ ಇರುವ, ನೀರು ತಡೆಯುವ 12 ಮಿಲಿಮೀಟರ್ ಹಲಗೆ ಕೇಳಿ. ಅಗ್ಗದ ಕಮರ್ಷಿಯಲ್ ಪ್ಲೈ ಉಚ್ಚೆ ಕುಡಿದು ಹತ್ತೇ ದಿನಕ್ಕೆ ಉಬ್ಬುತ್ತದೆ. 4 ಅಡಿ ಚೌಕದ ಪೆಟ್ಟಿಗೆಗೆ ತಳಕ್ಕೆ 16 ಚದರಡಿ, 18 ಇಂಚು ಎತ್ತರದ ನಾಲ್ಕು ಬದಿಗೆ 24 ಚದರಡಿ, ಒಟ್ಟು 40 ಬೇಕು. 8ಕ್ಕೆ 4ರ ಒಂದು ಹಲಗೆಯಲ್ಲಿ ಸಿಗುವುದು 32 ಮಾತ್ರ. ಎರಡು ತನ್ನಿ, ಉಳಿದದ್ದು ಮುಂದೆ ಬೇಕೇ ಬೇಕು. ತಳದ ಕೆಳಗೆ ಅಡಿಗೊಂದರಂತೆ ಸಿಲ್ವರ್ ಓಕ್ ರೀಪರ್ ಕೊಡಿಸಿ, ಇಲ್ಲದಿದ್ದರೆ 35 ಕಿಲೋ ನಾಯಿಯ ಭಾರಕ್ಕೆ ಹಲಗೆ ಬಾಗುತ್ತದೆ. ಗೆದ್ದಲೆಣ್ಣೆ ಹಚ್ಚಿದ ಮರ ಬೇಡ. ಅಂಚುಗಳಿಗೆ ವಾರ್ನಿಷ್ ಬಳಿಯುವುದಾದರೆ ಮೂರು ವಾರ ಮೊದಲೇ ಬಳಿದು ವಾಸನೆ ಪೂರ್ತಿ ಹೋಗಲು ಬಿಡಿ. ಬದಿಗಳನ್ನು ಮೊಳೆ ಹೊಡೆದು ಕೂರಿಸುವ ಬದಲು ಬೋಲ್ಟ್ ಹಾಕಿಸಿ, ನಟ್ಟು ಹೊರಗಡೆಗೆ ಇರಲಿ.

ಮುಂಬದಿಯಲ್ಲಿ ತಾಯಿ ದಾಟಿ ಬರಲು ಎರಡಡಿ ಅಗಲದ ಕಂಡಿ ಬೇಕು. ಹೊಸ್ತಿಲು ಮೊದಲು 6 ಇಂಚು, ಮರಿಗಳು ನಡೆಯತೊಡಗಿದ ಮೇಲೆ 12 ಇಂಚು. ಎರಡೂ ಕಡೆ ರೀಪರ್ ಜೋಡಿಸಿ ನಡುವೆ ಸಂದು ಬಿಟ್ಟರೆ ಉಳಿದ ಪ್ಲೈಯ ಪಟ್ಟಿಗಳನ್ನು ಮೇಲಿನಿಂದ ಇಳಿಸಬಹುದು. ಹೊಸ್ತಿಲಿನ ಮೇಲಂಚನ್ನು ಉಜ್ಜಿ ಗುಂಡಗೆ ಮಾಡಿಸುವುದನ್ನು ಮರೆಯಬೇಡಿ. ಹಾಲು ತುಂಬಿದ ಮೊಲೆ ದಿನಕ್ಕೆ ಹತ್ತಾರು ಸಲ ಅದಕ್ಕೇ ತಾಗುತ್ತದೆ.

ಇನ್ನು ತಡೆಕಂಬಿ. ಬಡಗಿಗೆ ಹೇಳಿದಾಗ ಇದೇಕೆ ಎಂದು ಕೇಳುತ್ತಾರೆ, ಮನೆಯವರು ಬೇಡ ಎಂದುಬಿಡುತ್ತಾರೆ. ಪೆಟ್ಟಿಗೆಯಲ್ಲಿ ಬಿಡಲೇಬಾರದ ಭಾಗವಿದ್ದರೆ ಇದೇ. ನಾಯಿ ಮಲಗುವಾಗ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಜಾರುತ್ತದೆ. ಆ ಹೊತ್ತಿಗೆ ಬೆನ್ನ ಹಿಂದೆ ಒಂದು ಮರಿ ಇದ್ದರೆ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಎದೆ ಅದುಮಿದ್ದರಿಂದ ದನಿಯೂ ಹೊರಡದು, ಹೊರಟರೂ ಉಳಿದ ಮರಿಗಳ ಗಲಾಟೆಯಲ್ಲಿ ತಾಯಿಗೆ ಕೇಳದು. ಒಳಸುತ್ತಿಗೆ ತಳದಿಂದ 4 ಇಂಚು ಮೇಲೆ, ಗೋಡೆಯಿಂದ 4 ಇಂಚು ಒಳಗೆ ಕಂಬಿ ಬಂದರೆ ಬೆನ್ನು ಕಂಬಿಗೆ ತಗುಲಿ ನಿಲ್ಲುತ್ತದೆ, ಮರಿ ಅದರಡಿ ಉಳಿಯುತ್ತದೆ. ಗ್ರೇಟ್ ಡೇನ್‌ನಂಥ ತಳಿಗೆ 5 ಇಂಚು ಇರಲಿ. ಒಂದೂವರೆ ಇಂಚಿನ ದಪ್ಪ ಪಿವಿಸಿ ಪೈಪು, ಮೂಲೆಗೆ ಎಲ್ಬೋ, ಪ್ರತಿ ಬದಿಗೂ ಎರಡು ಮರದ ತುಂಡು ಇಟ್ಟು ಹೊರಗಿನಿಂದ ಸ್ಕ್ರೂ ಹಾಕಿದರೆ ಆಯಿತು. ತೆಳು ಪೈಪು ಭಾರಕ್ಕೆ ಬಾಗಿ ಗೋಡೆಗೇ ಅಂಟಿಕೊಳ್ಳುತ್ತದೆ, ಅಂಥದ್ದು ಇದ್ದೂ ಇಲ್ಲದಂತೆ. ಹೆಚ್ಚಿನ ಅಪಾಯ ಮೊದಲ ಮೂರು ದಿನ. ಸಿಸೇರಿಯನ್ ಆದ ನಾಯಿಗಂತೂ ಮಂಪರು ಇಳಿಯುವವರೆಗೆ ಕಂಬಿಯ ಜೊತೆಗೆ ಒಬ್ಬರು ಕೂತಿರಲೇಬೇಕು. ಮೂರನೇ ವಾರದಲ್ಲಿ ಮರಿ ದಪ್ಪಗಾದ ಮೇಲೆ ಕಂಬಿ ತೆಗೆದುಬಿಡಿ, ಇಲ್ಲವಾದರೆ ಅದರಡಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಪೆಟ್ಟಿಗೆ ನೆಲಕ್ಕೆ ತಾಗಬಾರದು. 4 ಇಂಚಿನ ಕಾಲು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಹುಟ್ಟಿದ ಮರಿಯ ಹೊಕ್ಕುಳಿಗೆ ಇರುವೆ ಮುತ್ತುವುದು ಮಲೆನಾಡಿನಲ್ಲಿ ಹೊಸದೇನಲ್ಲ. ಅಡುಗೆಮನೆಯ ಕಪಾಟಿಗೆ ಇಡುವ ಹಾಗೆ ಕಾಲಿಗೊಂದು ನೀರಿನ ಬಟ್ಟಲು ಇಡಿ, ನಡುಗಾಲಿಗೂ. ನೀರು ದಿನವೂ ಬದಲಾಗಲಿ. ಪೆಟ್ಟಿಗೆ ಗೋಡೆಗೆ ಒರಗಿದ್ದರೆ ಅಥವಾ ಹಾಸಿದ ಬಟ್ಟೆಯ ತುದಿ ನೆಲಕ್ಕೆ ಜೋತಿದ್ದರೆ ಇರುವೆಗೆ ಅದೇ ಸೇತುವೆ. ಇರುವೆ ಸೀಮೆಸುಣ್ಣ ಕೀಟನಾಶಕ. ಪೆಟ್ಟಿಗೆಗಾಗಲಿ ಕಾಲಿಗಾಗಲಿ ಅದನ್ನು ಎಳೆಯಬೇಡಿ. ಫಿನಾಯಿಲ್‌ ಕೂಡ ಬೇಡ, ಮರಿಯ ಎಳೆ ಚರ್ಮಕ್ಕೂ ಉಸಿರಿಗೂ ಅದು ಒಗ್ಗದು.

ಜಾಗದ ವಿಚಾರಕ್ಕೆ ಬಂದರೆ, ಜನ ಓಡಾಡದ ಒಳಕೋಣೆ ಒಳ್ಳೆಯದು. ಕಣದ ಪಕ್ಕದ ಶೆಡ್ಡು, ತೆರೆದ ಜಗಲಿ ತೋಟದ ಮನೆಗಳಲ್ಲಿ ಬೇಡವೇ ಬೇಡ. ಚಿರತೆಗೆ ನಾಯಿ ಸುಲಭದ ಬೇಟೆ. ರಾತ್ರಿ ಚಿಲಕ ಹಾಕುವಂತಿರಬೇಕು. ದಿನ ತುಂಬುವ ಎರಡು ವಾರ ಮೊದಲೇ ನಾಯಿಯನ್ನು ಅದರಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿ. ತಡಮಾಡಿದರೆ ಅದು ಕಾಫಿ ಗಿಡದ ಬುಡದಲ್ಲಿ ಗುಂಡಿ ತೋಡಿ ಅಲ್ಲೇ ಮರಿ ಹಾಕುತ್ತದೆ.

ಹಾಸಿಗೆಯ ವಿಷಯದಲ್ಲಿ ತಪ್ಪುಗಳು ಬಹಳ. ಭತ್ತದ ಹುಲ್ಲಿನಲ್ಲಿ ಮಳೆಗಾಲಕ್ಕೆ ಬೂಷ್ಟು, ಜೊತೆಗೆ ಉಣ್ಣಿ ಹುಳ. ಮರದ ಹೊಟ್ಟು, ಕಾಫಿ ಹೊಟ್ಟು ಬಾಯಿಗೆ, ಹೊಕ್ಕುಳಿಗೆ ಅಂಟುತ್ತವೆ. ಗೊಬ್ಬರದ ಚೀಲದಲ್ಲಿ ಗೊಬ್ಬರದ ಅಂಶ ಉಳಿದಿರುತ್ತದೆ, ಎಳೆ ಬಿಚ್ಚಿದರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಪತ್ರಿಕೆಗಳು ಹೆರಿಗೆಯ ಹೊತ್ತಿಗೆ ಮಾತ್ರ ಸರಿ, ನೆನೆದಂತೆಲ್ಲ ಎತ್ತಿ ಬಿಸಾಡಬಹುದು. ಆಮೇಲೂ ಅದನ್ನೇ ಬಿಟ್ಟರೆ ಹಿಂಗಾಲು ಜಾರಿ ಜಾರಿ ಮರಿ ಕಪ್ಪೆಯಂತೆ ಕಾಲು ಅಗಲಿಸಿ ಮಲಗುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್‌ ಹೊಸದು ತಂದು ತಳದ ಅಳತೆಗೆ ಕೊಯ್ಯಿಸಿ, ಮೇಲೆ ಹಳೆ ಹತ್ತಿ ದುಪ್ಪಟಿ ಬಿಗಿಯಾಗಿ ಎಳೆದು ಅಂಚನ್ನು ಮ್ಯಾಟ್‌ನಡಿ ಸಿಕ್ಕಿಸಿ. ಸಡಿಲವಿದ್ದರೆ ಮಡಿಕೆಯೊಳಗೆ ಮರಿ ಸೇರಿಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಬದಲಾವಣೆ, ಒಣಗಲು ಮೂರು ದಿನ. ಅಂದರೆ ಮಳೆಗಾಲದ ಬಾಣಂತನಕ್ಕೆ ಹತ್ತು ಹನ್ನೆರಡು ದುಪ್ಪಟಿ ಕೈಯಲ್ಲಿರಬೇಕು. ಬಚ್ಚಲ ಒಲೆಯ ಹತ್ತಿರ, ಹೊಗೆ ತಾಗದಂತೆ ಹರವಿದರೆ ಬೇಗ ಒಣಗುತ್ತವೆ.

ಮೊದಲ ವಾರ ಮರಿ ಮಲಗುವ ಮೂಲೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡನೇ ವಾರಕ್ಕೆ 26ರಿಂದ 29, ನಾಲ್ಕನೇ ವಾರದ ಹೊತ್ತಿಗೆ 22–24 ಸಾಕು. ಇಲ್ಲಿ 'ಮೂಲೆ' ಎಂಬ ಮಾತು ಮುಖ್ಯ. ಇಡೀ ಪೆಟ್ಟಿಗೆಯನ್ನು ಕಾಯಿಸಿದರೆ ದಪ್ಪ ತುಪ್ಪಳದ ತಾಯಿ ಏದುಸಿರು ಬಿಡುತ್ತಾ ಎದ್ದು ಹೊರಗೆ ಹೋಗುತ್ತದೆ, ಮರಿಗಳಿಗೆ ಹಾಲು ತಪ್ಪುತ್ತದೆ. ಮೂರರಲ್ಲೊಂದು ಭಾಗಕ್ಕೆ ಮಾತ್ರ ಬಿಸಿ ಬೀಳುವಂತೆ 100 ಅಥವಾ 150 ವ್ಯಾಟ್‌ನ ಇನ್‌ಫ್ರಾರೆಡ್ ಬಲ್ಬನ್ನು ಪಿಂಗಾಣಿ ಹೋಲ್ಡರ್‌ನಲ್ಲಿ, ಸರಪಳಿಯಿಂದ, ತಾಯಿ ನಿಂತರೂ ತಾಗದಂತೆ ಮೂರೂವರೆ ನಾಲ್ಕಡಿ ಮೇಲೆ ತೂಗುಹಾಕಿ. ವೈರಿನಿಂದಲೇ ತೂಗುಹಾಕಿದರೆ ಒಂದು ದಿನ ಅದು ಹಾಸಿಗೆಯ ಮೇಲೆ ಬೀಳುತ್ತದೆ. ಮರಿ ಹುಟ್ಟುವ ಮೊದಲೇ ಒಂದು ರಾತ್ರಿ ಪೂರ್ತಿ ಉರಿಸಿ, ಥರ್ಮಾಮೀಟರನ್ನು ದುಪ್ಪಟಿಯ ಮೇಲೇ ಇಟ್ಟು ನೋಡಿ. ಗೋಡೆಯ ಮೇಲಿನ ಅಂಕಿ ಮರಿಗೆ ಸಂಬಂಧವಿಲ್ಲ. ಕಡೂರಿನ ಬಯಲು ಕಡೆ ಏಪ್ರಿಲ್‌ನಲ್ಲಾದರೆ ಹಗಲಲ್ಲಿ ಬಲ್ಬೇ ಬೇಡವಾಗಬಹುದು.

ಮರಿಗಳನ್ನೂ ಓದಲು ಕಲಿಯಿರಿ. ಒಂದರ ಮೇಲೊಂದು ಗುಡ್ಡೆ ಬಿದ್ದು ಕುಂಯ್‌ಗುಡುತ್ತಿದ್ದರೆ ಚಳಿ. ದೂರದೂರ ಚದುರಿ ಬಾಯಿ ತೆರೆದಿದ್ದರೆ ಸೆಕೆ. ಪಕ್ಕಪಕ್ಕ ಸಡಿಲವಾಗಿ ಮಲಗಿ ನಿದ್ದೆಯಲ್ಲೇ ಕಾಲು ಮೀಟುತ್ತಿದ್ದರೆ ಎಲ್ಲವೂ ಸರಿಯಿದೆ. ಮುಟ್ಟಿದಾಗ ತಣ್ಣಗಿರುವ ಮರಿಗೆ ಹಾಲು ಕುಡಿಸಲು ಹೋಗಬೇಡಿ. ಮೈಬಿಸಿ 34 ಡಿಗ್ರಿಗಿಂತ ಇಳಿದಾಗ ಕರುಳಿನ ಚಲನೆಯೇ ನಿಂತಿರುತ್ತದೆ, ಹಾಲು ಶ್ವಾಸಕೋಶಕ್ಕೆ ಹೋಗುವ ಭಯ ಬೇರೆ. ಮೊದಲು ನಿಮ್ಮ ಮೈಗೆ ಒತ್ತಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಹಾಲು.

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಒಳ್ಳೆಯ ಸ್ಥಿತಿಯ 150 ಎಎಚ್ ಬ್ಯಾಟರಿಯ ಯುಪಿಎಸ್ 150 ವ್ಯಾಟ್ ಬಲ್ಬನ್ನು ಆರೇಳು ಗಂಟೆ ಉರಿಸಬಹುದು, ಹಳೆ ಬ್ಯಾಟರಿ ಅಷ್ಟು ತಾಳದು. ಆಮೇಲೆ ಬಿಸಿನೀರಿನ ಬಾಟಲಿ. ಎರಡು ಪದರ ಬಟ್ಟೆ ಸುತ್ತಿ, ಮಣಿಕಟ್ಟಿಗೆ ಹಿಡಿದು ಹಿತವೆನಿಸಿದರೆ ಮಾತ್ರ ಇಡಿ, ಗಂಟೆಗೊಮ್ಮೆ ನೋಡಿ. ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಕೊಲೆಗೆ ಸಮ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮರಿ, ತಾಯಿ, ಕಾವಲಿಗೆ ಮಲಗಿದವರು ಯಾರನ್ನೂ ಬಿಡುವುದಿಲ್ಲ.

ಪೆಟ್ಟಿಗೆಯ ಪಕ್ಕ ಒಂದು ಬುಟ್ಟಿ ಸಿದ್ಧವಿರಲಿ: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪೊವಿಡೋನ್ ಅಯೋಡಿನ್ (ನಂಜು ತಡೆಯುವ ದ್ರಾವಣ), ಕುದಿಸಿದ ಕತ್ತರಿ ಮತ್ತು ದಾರ, ಒಣ ಬಟ್ಟೆಗಳು, ಗುರುತಿಗೆ ಬಣ್ಣಬಣ್ಣದ ಉಲ್ಲನ್. ಲ್ಯಾಬ್ರಡಾರ್ ಮರಿ ಹುಟ್ಟಿದಾಗ ಸಾಮಾನ್ಯವಾಗಿ 350ರಿಂದ 500 ಗ್ರಾಂ ಇರುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ಮೊದಲ ದಿನ ತುಸು ಇಳಿದರೂ, ಎರಡನೇ ದಿನವೂ ಏರದ ಮರಿಯನ್ನು ವೈದ್ಯರಿಗೆ ತೋರಿಸಿ. ತಾಯಿಯ ಗುದದ ಉಷ್ಣತೆ 37.2 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ, ಮೊದಲ ಮರಿಗಿಂತ ಮುಂಚೆ ಹಸಿರು ದ್ರವ ಬಂದರೆ ಕಾಯಬೇಡಿ. ಹಾಸನ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕಾಗಿ ಬಂದರೆ ರಾತ್ರಿ ಸಿಸೇರಿಯನ್ ಮಾಡುತ್ತಾರೆಯೇ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ವಾರ ಮೊದಲೇ ಕೇಳಿಟ್ಟುಕೊಳ್ಳಿ. ಹಾಲುಣಿಸುವ ದಿನಗಳಲ್ಲಿ ತಾಯಿ ಏದುಸಿರು ಬಿಡುವುದರ ಜೊತೆಗೆ ನಡುಗುತ್ತಾ ಕಾಲು ಸೆಟೆಸಿಕೊಂಡು ನಡೆದರೆ ಅದು ಬಲ್ಬಿನ ಸೆಕೆಯಲ್ಲ, ಸುಣ್ಣದಂಶದ ಕೊರತೆ. ಅದೇ ಗಂಟೆ ವೈದ್ಯರನ್ನು ಕರೆಸಬೇಕು.

ಮೂರು ವಾರ ಕಳೆದರೆ ಮರಿಗಳು ಮಲಗುವ ಜಾಗದಿಂದ ಸರಿದು ಉಚ್ಚೆ ಹೊಯ್ಯಲು ನೋಡುತ್ತವೆ. ಮುಂಬದಿಯ ಬೋಲ್ಟ್ ಬಿಚ್ಚಿ, ಉಳಿದ ಪ್ಲೈಯಿಂದ ಇನ್ನೊಂದು ಅಂಕಣ ಜೋಡಿಸಿ ಅಲ್ಲಿ ಪತ್ರಿಕೆ ಹಾಸಿ. ಮರಿಗಳೆಲ್ಲ ಹೋದ ಮೇಲೆ ಹಲಗೆಗಳನ್ನು ಬಿಚ್ಚಿ ಸೋಪಿನಲ್ಲಿ ಉಜ್ಜಿ, ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಿರಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಪಾರ್ವೋ (ನಾಯಿಮರಿಗಳಿಗೆ ವಾಂತಿಭೇದಿ ತರುವ ವೈರಸ್ ರೋಗ) ಬಂದ ಮನೆಯಾದರೆ ಆ ಹಲಗೆಯನ್ನು ಮುಂದಿನ ಬಾಣಂತನಕ್ಕೆ ಬಳಸದೆ ಸುಟ್ಟುಬಿಡಿ.