ಏನೂ ಪೂರ್ತಿ ಗೊತ್ತಿಲ್ಲದಾಗ ಸೇನೆಯ ವಕ್ತಾರರು ಏನು ಹೇಳಬೇಕು?

ಪ್ರಶ್ನೆ: ನಾನು ಹೊಸನಗರದ ಕಡೆಯವನು. ಸೇನೆಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಈಗಷ್ಟೇ ಬಂದಿದ್ದೇನೆ. ಅವಘಡ ಆದ ಕೂಡಲೇ ಪತ್ರಕರ್ತರ ಫೋನ್ ಶುರು. ನಮಗಿನ್ನೂ ವಿವರ ಸಿಕ್ಕಿರುವುದಿಲ್ಲ. ಸಾಹೇಬರು ‘ಏನೂ ಹೇಳಬೇಡಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಗೊತ್ತಿರುವಷ್ಟನ್ನು ಬೇಗ ಹೇಳಿ. ಇಂಥ ಕಡೆ ಅವಘಡ ಆಗಿದೆ, ರಕ್ಷಣಾ ಕೆಲಸ ನಡೆದಿದೆ, ಇಷ್ಟು ಗಂಟೆಗೆ ಮತ್ತೆ ಮಾಹಿತಿ ಕೊಡುತ್ತೇವೆ. ಇಷ್ಟು ಹೇಳಲು ತನಿಖೆ ಮುಗಿಯಬೇಕಿಲ್ಲ. ಕಾರಣ ಊಹಿಸಬೇಡಿ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಮಾತಾಡಿ.

ಮಾಹಿತಿ ಇಲ್ಲದಾಗ ಏನಾಗುತ್ತದೆ ಅಂತ ಶಿವಮೊಗ್ಗದವರಿಗೆ ಗೊತ್ತು. 2021ರ ಜನವರಿ 21ರ ರಾತ್ರಿ ಹುಣಸೋಡು ಬಳಿ ಸ್ಫೋಟಕ ಸಿಡಿದಾಗ ಜನ ಭೂಕಂಪ ಎಂದೇ ಮನೆಯಿಂದ ಹೊರಗೆ ಓಡಿದರು. ಸತ್ತವರ ಲೆಕ್ಕವೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಸೇನೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಾವು ಸುಮ್ಮನಿದ್ದರೆ ಎದುರಿನವರು ಮಾತಾಡುತ್ತಾರೆ. 2022ರ ಮಾರ್ಚ್ 9ರಂದು ನಮ್ಮ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದಲ್ಲಿ ಬಿತ್ತು. ಮರುದಿನ ಅಲ್ಲಿನ ಸೇನಾ ವಕ್ತಾರರು ಸುದ್ದಿಗೋಷ್ಠಿ ಮಾಡಿದರು. ನಮ್ಮ ರಕ್ಷಣಾ ಸಚಿವಾಲಯದ ಹೇಳಿಕೆ ಬಂದಿದ್ದು ಮಾರ್ಚ್ 11ಕ್ಕೆ. ತಾಂತ್ರಿಕ ದೋಷ ಎಂದು ಒಪ್ಪಿ ವಿಷಾದಿಸಿದ್ದು ಒಳ್ಳೆಯದೇ. ಆದರೆ ಅಷ್ಟರಲ್ಲಿ ಕಥೆಯನ್ನು ಬೇರೆಯವರು ಹೇಳಿ ಆಗಿತ್ತು.

ಬೇಗ ಹೇಳುವುದು ಅಂದರೆ ಆತುರಪಡುವುದಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಮರುದಿನ ಸೇನೆ ಹೇಳಿದ್ದು, ಯಾರಾದರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದು. ಎಲ್ಲರೂ ಸತ್ತರು ಎಂದಲ್ಲ. ಸಂತಾಪದ ಮಾತುಗಳು ಮಾತ್ರ ಆಗಲೇ ಎಲ್ಲ ಕಡೆ ಹರಿದಾಡಿದವು. ಅದಾಗಿ ಕೆಲವು ದಿನಕ್ಕೆ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಹಿಮದಡಿ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು, ನಿಜ. ಆದರೂ ಸೇನೆ ತನ್ನ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಗಲಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನಿಧಾನ. ಮನೆಯವರಿಗೆ ತಿಳಿಯುವ ಮೊದಲು ಹೆಸರು ಹೊರಗೆ ಹೋಗಕೂಡದು. ನಮ್ಮ ಕಡೆ ಎಷ್ಟೋ ಒಂಟಿ ಮನೆಗಳಲ್ಲಿ ನೆಟ್‌ವರ್ಕೇ ಇಲ್ಲ. ಅಧಿಕಾರಿಯ ಕರೆ ಹೋಗುವ ಮೊದಲೇ ಪೇಟೆಯ ನೆಂಟರ ವಾಟ್ಸಾಪ್‌ಗೆ ಫೋಟೋ ಬಂದಿರುತ್ತದೆ. ಪತ್ರಕರ್ತರು ಎಷ್ಟೇ ಒತ್ತಾಯ ಮಾಡಲಿ, ಇಲ್ಲಿ ಬಗ್ಗಬೇಡಿ.

ಇನ್ನು ಸಾಹೇಬರ ವಿಷಯ. ಅವಘಡದ ದಿನ ಅವರೊಂದಿಗೆ ವಾದಿಸಿ ಗೆಲ್ಲುವುದು ಕಷ್ಟ. ಅವರ ತಲೆಯಲ್ಲಿ ಆಗ ನೂರು ಚಿಂತೆ. ಪುರುಸೊತ್ತಿನ ದಿನವೇ ಮೇಲಿನಂಥ ಮೂರು ನಾಲ್ಕು ವಾಕ್ಯ ತೋರಿಸಿ ಒಪ್ಪಿಗೆ ಪಡೆಯಿರಿ. ಅವರು ಸಿಗದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ. ‘ಮಾಧ್ಯಮಕ್ಕೆ ಉತ್ತರ ಬೇಕು ಸರ್’ ಅಂದರೆ ಅವರು ಕರಗುವುದಿಲ್ಲ. ‘ನಾವು ಹೇಳದಿದ್ದರೆ ನಮ್ಮ ಹುಡುಗರ ಮನೆಯವರು ಇದನ್ನು ಟಿವಿಯಲ್ಲಿ ನೋಡುತ್ತಾರೆ’ ಅನ್ನಿ. ಅದು ಅವರಿಗೆ ನಾಟುತ್ತದೆ.

ಕಾರ್ಯಾಚರಣೆಯ ಸಭೆಗಳಲ್ಲಿ ಕೂರಲು ಅವಕಾಶವನ್ನೂ ಕೇಳಿ. 1999ರ ಕಾರ್ಗಿಲ್ ಯುದ್ಧದಲ್ಲಿ ಸೇನೆಯ ಪರವಾಗಿ ಮಾತಾಡುತ್ತಿದ್ದ ಕರ್ನಲ್ ಬಿಕ್ರಮ್ ಸಿಂಗ್ ಕಾರ್ಯಾಚರಣೆ ವಿಭಾಗದವರು. ಮುಂದೆ 2012ರಲ್ಲಿ ಸೇನಾ ಮುಖ್ಯಸ್ಥರೇ ಆದರು. ಒಳಗಿನ ವಿಷಯ ಗೊತ್ತಿದ್ದವರಿಗೆ ಏನನ್ನು ಹೇಳಬಾರದು ಅನ್ನುವುದೂ ಗೊತ್ತಿರುತ್ತದೆ, ಅಲ್ವಾ?

ಮೊದಲ ಹೇಳಿಕೆಯನ್ನು ಕನ್ನಡದಲ್ಲೂ ಬರೆದಿಡಿ. ಇಲ್ಲದಿದ್ದರೆ ಅದನ್ನು ರಾತ್ರಿ ಹನ್ನೊಂದಕ್ಕೆ ಯಾವುದೋ ಚಾನೆಲ್ಲಿನ ಡೆಸ್ಕಿನವರು ಅವಸರದಲ್ಲಿ ಅನುವಾದ ಮಾಡುತ್ತಾರೆ.